ಕೀಟಗಳ ಅನುಕರಣೆ: ಬದಲಾದ ನೆಲೆಗಳಲ್ಲಿ

ವಿಷವುಳ್ಳ ಕೀಟವೊಂದರ ಬಣ್ಣ, ಹಾರಾಟಗಳನ್ನು ವಿಷವಿಲ್ಲದ ಇನ್ನೊಂದು ಕೀಟ ಹೋಲುವುದಕ್ಕೆ ಅನುಕರಣೆ ಎಂದು ಹೆಸರು. ಅಮೆಜಾನ್ ಕಾಡಿನ ಚಿಟ್ಟೆಗಳನ್ನು ಅಭ್ಯಸಿಸಿ ಹೆನ್ರಿ ಬೇಟ್ಸ್ 1862ರಲ್ಲಿ ಇದನ್ನು ವಿವರಿಸಿದ. ವಿಷದ ಚಿಟ್ಟೆಯನ್ನು ಒಮ್ಮೆ ಕುಕ್ಕಿ ಉಗುಳಿದ ಹಕ್ಕಿ ಆ ಬಣ್ಣದ ತಂಟೆಗೆ ಹೋಗುವುದಿಲ್ಲ. ವೇಷ ಹಾಕಿದ್ದೂ ಬದುಕಿಕೊಳ್ಳುತ್ತದೆ. ಆದರೆ ವೇಷಧಾರಿಗಳೇ ಹೆಚ್ಚಾದರೆ ಹಕ್ಕಿ ಪಾಠ ಕಲಿಯುವುದಿಲ್ಲ. ಮಾದರಿಯ, ಅಂದರೆ ವಿಷದ ಚಿಟ್ಟೆಯ, ಮರಿಹುಳು ತಿನ್ನುವ ಗಿಡ ಬೇರೆ, ವೇಷಧಾರಿಯದು ಬೇರೆ. ಆದ್ದರಿಂದ ಮನುಷ್ಯ ನೆಲೆಯನ್ನು ಬದಲಿಸಿದಾಗ ಮೊದಲು ಏರುಪೇರಾಗುವುದು ಇವೆರಡರ ನಡುವಿನ ಪ್ರಮಾಣವೇ.

ಹಾಸನ ಜಿಲ್ಲೆಯ ಅರಸೀಕೆರೆ ತಾಲ್ಲೂಕಿನ ಹಾರನಹಳ್ಳಿಯನ್ನೇ ಉದಾಹರಣೆಗೆ ತೆಗೆದುಕೊಳ್ಳಿ. ಸುತ್ತಲಿನದು ತೆಂಗು, ರಾಗಿಯ ಸೀಮೆ. ಇಂಥ ಬಯಲಿನಲ್ಲಿ ಕ್ರಿಮ್ಸನ್ ರೋಸ್ ಚಿಟ್ಟೆಯ ಸಂತಾನ ಬೇಲಿಗೆ ಹಬ್ಬುವ ಈಶ್ವರಿ ಬಳ್ಳಿಯನ್ನು ನೆಚ್ಚಿದೆ; ಚಿಟ್ಟೆಗೆ ವಿಷ ಬರುವುದೂ ಆ ಬಳ್ಳಿಯಿಂದಲೇ. ಕಾಮನ್ ಮಾರ್ಮನ್ ಚಿಟ್ಟೆಯ ಹೆಣ್ಣುಗಳಲ್ಲಿ ರೊಮುಲಸ್ ಎಂಬ ರೂಪದ್ದು ಇದರದೇ ಪಡಿಯಚ್ಚು: ಕಪ್ಪು ರೆಕ್ಕೆ, ಬಿಳಿ ಪಟ್ಟೆ, ಕೆಂಪು ಚುಕ್ಕೆ. ಮೈ ನೋಡಿದರೆ ಮಾತ್ರ ಗುಟ್ಟು ರಟ್ಟಾಗುತ್ತದೆ. ಕ್ರಿಮ್ಸನ್ ರೋಸ್‌ನ ತಲೆ, ಹೊಟ್ಟೆ ಕೆಂಪು; ಮಾರ್ಮನ್‌ನದು ಕಪ್ಪು. ಮಾರ್ಮನ್‌ನ ಮರಿಹುಳು ಬೆಳೆಯುವುದು ಹಿತ್ತಲಿನ ಕರಿಬೇವು, ನಿಂಬೆ ಗಿಡಗಳಲ್ಲಿ. ಹಿತ್ತಲುಗಳು ವೇಷಧಾರಿಯನ್ನು ಸಾಕುತ್ತವೆ. ಜೀವಂತ ಬೇಲಿ ಕಿತ್ತು ಮುಳ್ಳುತಂತಿ ಎಳೆದರೆ ಮಾದರಿಗೆ ಅನ್ನವಿಲ್ಲ.

ಗಂಡಿನಂತೆಯೇ ಕಾಣುವ, ವೇಷವಿಲ್ಲದ ಹೆಣ್ಣುಗಳೂ ಮಾರ್ಮನ್‌ನಲ್ಲಿವೆ. ಯಾವ ಹೆಣ್ಣಿಗೆ ಯಾವ ರೂಪ ಎಂಬುದನ್ನು ಡಬಲ್‌ಸೆಕ್ಸ್ ಎಂಬ ಒಂದೇ ಜೀನ್ ನಿರ್ಧರಿಸುತ್ತದೆ ಎಂದು ಕೃಷ್ಣಮೇಘ ಕುಂಟೆ ಮತ್ತು ಸಂಗಡಿಗರು 2014ರಲ್ಲಿ ತೋರಿಸಿದರು. ವೇಷ ಹೀಗೆ ಒಂದೇ ಜೀನಿನ ಕೈಯಲ್ಲಿರುವುದರಿಂದ, ಮಾದರಿ ಅಳಿದ ಊರಿನಲ್ಲಿ ಅದು ಕೆಲವೇ ತಲೆಮಾರುಗಳಲ್ಲಿ ವಿರಳವಾಗಬಲ್ಲದು. ಇಂಥ ವೇಗ ಹೊಸದಲ್ಲ. ಮರದ ತೊಗಟೆಯನ್ನು ಹೋಲುವ ಇಂಗ್ಲೆಂಡಿನ ಪೆಪ್ಪರ್ಡ್ ಪತಂಗ (ಇದು ಮರೆವೇಷವೇ ಹೊರತು ಬೇಟ್ಸ್ ಹೇಳಿದ ಅನುಕರಣೆಯಲ್ಲ) ಕಾರ್ಖಾನೆಗಳ ಮಸಿಯ ಕಾಲದಲ್ಲಿ ಕಪ್ಪಾಯಿತು. 1956ರ ಶುದ್ಧಗಾಳಿ ಕಾಯ್ದೆಯ ಬಳಿಕ ಮತ್ತೆ ತಿಳಿಯಾಗತೊಡಗಿತು.

ಮನುಷ್ಯನ ಕೈವಾಡವೆಲ್ಲ ಮಾದರಿಗೇ ಕೇಡು ಎನ್ನಲಾಗದು. ಪ್ಲೇನ್ ಟೈಗರ್ ಚಿಟ್ಟೆಯ ಆಹಾರ ಎಕ್ಕ. ದನ ಮುಟ್ಟದ ಈ ಗಿಡ ಬೀಳು ನೆಲದಲ್ಲೂ ರಸ್ತೆಬದಿಯಲ್ಲೂ ಸೊಂಪಾಗಿ ಬೆಳೆಯುತ್ತದೆ. ಆ ಚಿಟ್ಟೆಯ ವೇಷ ತೊಡುವುದು ಡನೈಡ್ ಎಗ್‌ಫ್ಲೈ ಹೆಣ್ಣು. ಹಿಂರೆಕ್ಕೆಯ ನಡುವೆ ಮಾದರಿಗೆ ಹಲವು ಕಪ್ಪು ಚುಕ್ಕೆಗಳಿದ್ದರೆ ಇದಕ್ಕೆ ಒಂದೇ. ಇದರ ಮರಿಹುಳುವಿಗೆ ಬೇಕಾದದ್ದು ಬೆರಕೆ ಸೊಪ್ಪಿಗೆ ಹೆಂಗಸರು ಹೊಲದಲ್ಲಿ ಕೊಯ್ಯುವ ಗೋಣಿಸೊಪ್ಪು. ಹೊಲಕ್ಕೆ ಕಳೆನಾಶಕ ಬಿದ್ದರೆ ಇಲ್ಲಿ ಹಸಿಯುವುದು ವೇಷಧಾರಿ. ಬದುವಿನಾಚೆ ಎಕ್ಕ ತನ್ನ ಪಾಡಿಗೆ ತಾನು ಬೆಳೆಯುತ್ತಿರುತ್ತದೆ.