ಮನೆಗೆ ಬಂದ ಗರಡಿ



ಯಾವಾಗಲೂ ಕಿವಿಗೆ ಸಿಗುವ ನಾನು ಈ ಸಲ ಕಣ್ಣಿಗೆ ಸಿಗುತ್ತಿದ್ದೇನೆ. ಒಂದು ಪ್ರಶ್ನೆಯಿಂದಲೇ ಮಾತು ಶುರು ಮಾಡೋಣ. ನಿಮ್ಮ ಮನೆಯ ಬಾಲ್ಕನಿಯಲ್ಲೋ ಮಲಗುವ ಕೋಣೆಯ ಮೂಲೆಯಲ್ಲೋ ಹಳೆಯ ಬೆಡ್‌ಶೀಟ್ ಹೊದ್ದುಕೊಂಡು ನಿಂತ ಕಬ್ಬಿಣದ ಯಂತ್ರವೊಂದು ಇದೆಯೇ? ಒಂದು ಸೀಟು, ಎರಡು ರಾಟೆ, ಒಂದು ತಂತಿ, ಹಿಂದೆ ಇಟ್ಟಿಗೆಯಂತೆ ಜೋಡಿಸಿದ ತೂಕದ ಬಿಲ್ಲೆಗಳು? ಇದ್ದರೆ ನಾಚಿಕೊಳ್ಳಬೇಡಿ. ನಮ್ಮ ಮನೆಯಲ್ಲೂ ಇದೆ. ಅದರ ಮೇಲೆ ಒದ್ದೆ ಟವೆಲ್ ಒಣಗಿದ ದಿನಗಳೇ ಹೆಚ್ಚು.

ಹೋದ ವರ್ಷ ಊರಿನಿಂದ ಅಪ್ಪ ಬಂದರು. ಪ್ರಾಯದಲ್ಲಿ ಊರ ಗರಡಿಯ ಮಣ್ಣು ಮೆತ್ತಿಕೊಂಡು ಬೆಳೆದವರು. ಈಗ ನೆಲದ ಮೇಲೆ ಊಟಕ್ಕೆ ಕೂತರೆ ಏಳಲು ಗೋಡೆ ಹಿಡಿಯಬೇಕು. ಅವರು ಯಂತ್ರದ ಸುತ್ತ ಒಂದು ಸುತ್ತು ಹಾಕಿ, ಬಿಲ್ಲೆಗಳನ್ನು ಎಣಿಸಿ, ಕೊನೆಗೆ ಕೇಳಿದ್ದು ಒಂದೇ ಮಾತು: "ಎಲ್ಲಾ ಸರಿ, ಇದಕ್ಕೆ ವಸ್ತಾದ್ ಯಾರು?"

ನನಗೆ ಉತ್ತರ ಹೊಳೆಯಲಿಲ್ಲ. ಆ ಪ್ರಶ್ನೆಯ ಬೆನ್ನು ಹತ್ತಿ ಓದಿದ್ದನ್ನೇ ಈಗ ನಿಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲು ನಮ್ಮ ನೆಲದಿಂದಲೇ ಹೊರಡೋಣ. ಕಲ್ಯಾಣ ಚಾಲುಕ್ಯರ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಮಲ್ಲವಿನೋದ ಎಂಬ ಭಾಗವಿದೆ. ಜಟ್ಟಿಗಳ ಆಹಾರ, ವಿಶ್ರಾಂತಿ, ಸಾಧನೆ ಎಲ್ಲದರ ಲೆಕ್ಕ ಅಲ್ಲಿದೆ. ಭಾರ ಎತ್ತುವುದು ಭಾರಶ್ರಮ, ನಡಿಗೆ ಭ್ರಮಣಶ್ರಮ, ಈಜು ಸಲಿಲಶ್ರಮ, ಕಂಬದ ಮೇಲಿನ ಸಾಧನೆ ಸ್ತಂಭಶ್ರಮ. ಇಂದಿನ ಜಿಮ್ಮಿನ ಗೋಡೆಗೆ ಅಂಟಿಸುವ ವೇಳಾಪಟ್ಟಿಯಂತೆಯೇ ಕಾಣುತ್ತದೆ. ವ್ಯತ್ಯಾಸ ಒಂದೇ. ಇದೆಲ್ಲ ಒಬ್ಬನೇ ಬಾಗಿಲು ಹಾಕಿಕೊಂಡು ಮಾಡುವ ಕೆಲಸವಾಗಿರಲಿಲ್ಲ. ಮುಂದೆ ಊರೂರಿಗೆ ಬಂದ ಗರಡಿಮನೆಯೂ ಹಾಗೆಯೇ. ಅಲ್ಲಿ ಗದೆ ಇತ್ತು, ಸಂಗ್ರಾಣಿ ಕಲ್ಲು ಇತ್ತು. ಅವುಗಳ ಜೊತೆಗೆ ಬೆಳಗಿನ ಒಂದು ಹೊತ್ತು, ಜೋಡಿ ಹಿಡಿಯುವ ಗೆಳೆಯ, "ನಿನ್ನೆ ಎಲ್ಲಿ ಹೋಗಿದ್ದೆಯೋ?" ಎಂದು ಗದರುವ ವಸ್ತಾದ್ ಇದ್ದರು.

ಒಬ್ಬನೇ ಕೂತು ಯಂತ್ರ ತಿರುಗಿಸುವ ಆಲೋಚನೆ ಬೇರೆ ಕಡೆ ಹುಟ್ಟಿತು. ಲಂಡನ್ನಿನ ಫ್ರಾನ್ಸಿಸ್ ಲೌಂಡ್ಸ್ ಎಂಬಾತ 1796ರಲ್ಲಿ 'ಜಿಮ್ನಾಸ್ಟಿಕಾನ್' ಎಂಬ ಯಂತ್ರಕ್ಕೆ ಪೇಟೆಂಟ್ ಪಡೆದ. ಕಾಲಿಗೆ ಪೆಡಲ್, ಕೈಗೆ ಹಿಡಿ, ನಡುವೆ ಚಕ್ರಗಳು. ವ್ಯಾಪಾರಿ ಲೆಕ್ಕ ಬರೆಯುತ್ತಲೇ, ವಿದ್ಯಾರ್ಥಿ ಓದುತ್ತಲೇ ಕಾಲಾಡಿಸಬಹುದು ಎಂಬುದು ಅದರ ಆಕರ್ಷಣೆ. ಟಿವಿ ನೋಡುತ್ತಾ ಸೈಕಲ್ ತುಳಿಯುವ ನಮ್ಮ ಉಪಾಯಕ್ಕೆ ಇನ್ನೂರು ವರ್ಷ ದಾಟಿದೆ ಅನ್ನಿ.

ಮುಂದೆ ಸ್ವೀಡನ್ನಿನ ವೈದ್ಯ ಗುಸ್ಟಾವ್ ಜಾಂಡರ್ 1865ರಲ್ಲಿ ಸ್ಟಾಕ್‌ಹೋಮ್‌ನಲ್ಲಿ 27 ಯಂತ್ರಗಳ ಸಂಸ್ಥೆಯೊಂದನ್ನು ತೆರೆದ. ಒಂದು ಯಂತ್ರ ತೋಳಿಗೆ, ಒಂದು ಬೆನ್ನಿಗೆ, ಒಂದು ತೊಡೆಗೆ. ಭಾರವನ್ನು ರೋಗಿಯ ಶಕ್ತಿಗೆ ತಕ್ಕಂತೆ ಹೆಚ್ಚು ಕಡಿಮೆ ಮಾಡಬಹುದಿತ್ತು. ಇಂದು ಜಿಮ್ಮಿನಲ್ಲಿ ಕಾಣುವ ಸಾಲುಸಾಲು ಯಂತ್ರಗಳ ಮುತ್ತಜ್ಜ ಇವನೇ. ಆದರೆ ಅವು ಸಿರಿವಂತರ ಚಿಕಿತ್ಸಾಲಯದ ಸೊತ್ತು. ಮಧ್ಯಮ ವರ್ಗದ ಮನೆಯ ಹೊಸ್ತಿಲು ದಾಟಲು ಬೇರೊಬ್ಬ ಬರಬೇಕಾಯಿತು.

ಅವನೇ ಯೂಜೆನ್ ಸ್ಯಾಂಡೋ. 1867ರಲ್ಲಿ ಆಗಿನ ಪ್ರಷ್ಯಾದ ಕೋನಿಗ್ಸ್‌ಬರ್ಗ್‌ನಲ್ಲಿ ಹುಟ್ಟಿ, ಲಂಡನ್ನಿನ ರಂಗಮಂಚದಲ್ಲಿ ಹೆಸರು ಮಾಡಿದ ಬಲಶಾಲಿ. ಅವನು ಮಾರಿದ ಡಂಬೆಲ್ ನೋಡಲು ಚಿಕ್ಕದು, ಹಗುರ. ಎರಡು ಹೋಳು, ನಡುವೆ ಸ್ಪ್ರಿಂಗು. ಹೋಳುಗಳು ಕೂಡುವಂತೆ ಮುಷ್ಟಿ ಬಿಗಿಹಿಡಿದೇ ಕೈ ಆಡಿಸಬೇಕು. ಮನಸ್ಸು ಎಲ್ಲೋ ಹೋದರೆ ಮುಷ್ಟಿ ಸಡಿಲ, ಹೋಳುಗಳು ಬಿಚ್ಚಿಕೊಳ್ಳುತ್ತವೆ. ಸ್ಯಾಂಡೋ ಮಾರಿದ್ದು ಸ್ಪ್ರಿಂಗು, ಕಲಿಸಲು ಹೊರಟದ್ದು ಏಕಾಗ್ರತೆ. ವಸ್ತಾದ್ ಇಲ್ಲದ ಮನೆಯಲ್ಲಿ ವಸ್ತಾದ್‌ನ ಕಣ್ಣನ್ನು ಉಪಕರಣದೊಳಗೇ ಕೂರಿಸುವ ಜಾಣತನ ಅದು. 1904-05ರಲ್ಲಿ ಅವನು ಭಾರತಕ್ಕೂ ಬಂದು ಪ್ರದರ್ಶನ ಕೊಟ್ಟು ಹೋದ.

ಅವನಿಗಿಂತ ಮೊದಲೇ ಅವನ ಉಪಕರಣ ಇಲ್ಲಿಗೆ ಬಂದಿತ್ತು. ಮುಂಬೈ, ಪುಣೆಯ ಕೇಳುಗರಿಗೆ ಸಾತಾರಾ ಕಡೆಯ ಔಂಧ್ ಗೊತ್ತಿರುತ್ತದೆ. ಅಲ್ಲಿನ ರಾಜಮನೆತನದ ಭವನ್‌ರಾವ್ ಪಂತ್ ಪ್ರತಿನಿಧಿ 1897ರಲ್ಲಿ ಸ್ಯಾಂಡೋ ಉಪಕರಣಗಳನ್ನು ತರಿಸಿಕೊಂಡು ಸುಮಾರು ಹತ್ತು ವರ್ಷ ಬಿಡದೆ ಅಭ್ಯಾಸ ಮಾಡಿದರು. ಆಮೇಲೆ ಅವನ್ನು ಬದಿಗಿಟ್ಟು ಸೂರ್ಯನಮಸ್ಕಾರ ಹಿಡಿದರು. 1909ರಲ್ಲಿ ಪಟ್ಟಕ್ಕೆ ಬಂದ ಮೇಲೆ ಮನೆಯವರಿಗೆ, ಶಾಲೆಯ ಮಕ್ಕಳಿಗೆ ಎಲ್ಲರಿಗೂ ಅದನ್ನೇ ಹೇಳಿಕೊಟ್ಟರು. ಅದರ ಮೇಲೆ ಪುಸ್ತಕ ಬರೆದರು. "ನೋಡಿ, ಯಂತ್ರ ಸೋತಿತು, ಚಾಪೆ ಗೆದ್ದಿತು" ಎಂದು ಕೆಲವರು ಈ ಕಥೆ ಹೇಳುತ್ತಾರೆ. ನನಗೆ ಹಾಗೆ ಅನಿಸುವುದಿಲ್ಲ. ಹತ್ತು ವರ್ಷ ದಿನವೂ ಸ್ಪ್ರಿಂಗು ಹಿಡಿದವರಿಗೆ ಹನ್ನೊಂದನೆಯ ವರ್ಷ ನಮಸ್ಕಾರ ಕಷ್ಟವೇ? ಬದಲಾದದ್ದು ಸಾಧನ. ಬೆಳಗಿನ ಹೊತ್ತು ಬದಲಾಗಲಿಲ್ಲ.

ಎರಡನ್ನೂ ಜೊತೆಗೆ ಹಿಡಿದವರು ನಮ್ಮ ಕೆ.ವಿ. ಅಯ್ಯರ್. 'ಶಾಂತಲಾ', 'ರೂಪದರ್ಶಿ' ಓದಿದವರಿಗೆ ಅವರು ಕಾದಂಬರಿಕಾರ. ಆದರೆ ಬೆಂಗಳೂರಿನಲ್ಲಿ ಹರ್ಕ್ಯುಲಸ್ ಜಿಮ್ನಾಸಿಯಂ ನಡೆಸಿದ ಅಯ್ಯರ್ ದೇಶಕ್ಕೇ ಹೆಸರಾದ ಅಂಗಸಾಧಕರು. 1930ರಲ್ಲಿ 'ಮಸಲ್ ಕಲ್ಟ್' ಎಂಬ ಇಂಗ್ಲಿಷ್ ಪುಸ್ತಕ ತಂದರು. ಬಾರ್‌ಬೆಲ್ಲೂ ಇರಲಿ, ಸೂರ್ಯನಮಸ್ಕಾರವೂ ಇರಲಿ ಎಂಬುದು ಅವರ ನಿಲುವು. ಅವರು ಅಂಚೆಯ ಮೂಲಕವೂ ಅಂಗಸಾಧನೆ ಕಲಿಸಿದರು. ದೂರದ ಊರಿನ ಹುಡುಗನಿಗೆ ಉಪಕರಣ ಹೇಗೋ ಸಿಕ್ಕೀತು, ಗುರು ಸಿಗುವುದು ಕಷ್ಟ. ಆ ಕೊರತೆಯನ್ನು ಪೋಸ್ಟ್‌ಮ್ಯಾನ್ ತುಂಬಿದ.

ಇನ್ನು ಯಂತ್ರದ ಕಡೆಗೆ ಬರೋಣ. ಅಮೆರಿಕದ ಹೆರಾಲ್ಡ್ ಜಿಂಕಿನ್ 1957ರಲ್ಲಿ 'ಯೂನಿವರ್ಸಲ್' ಯಂತ್ರ ತಂದರು. ಒಂದೇ ಚೌಕಟ್ಟಿನ ಸುತ್ತ ಹಲವು ವ್ಯಾಯಾಮ. ಬಿಲ್ಲೆ ಬದಲಿಸಲು ಒಂದು ಪಿನ್ನು ಸಾಕು, ಭಾರ ಮೈಮೇಲೆ ಬೀಳುವ ಭಯ ಕಡಿಮೆ. ಆರ್ಥರ್ ಜೋನ್ಸ್ 1970ರಲ್ಲಿ ಮಾರಾಟಕ್ಕೆ ತಂದ 'ನಾಟಿಲಸ್' ಯಂತ್ರದಲ್ಲಿ ರಾಟೆ ದುಂಡಗಿರಲಿಲ್ಲ, ಸಮುದ್ರದ ಚಿಪ್ಪಿನಂತೆ ವಕ್ರವಾಗಿತ್ತು. ನಮ್ಮ ತೋಳು ಮಡಿಚುವಾಗ ಎಲ್ಲ ಕೋನದಲ್ಲೂ ಒಂದೇ ಬಲ ಇರುವುದಿಲ್ಲ. ಬಲ ಹೆಚ್ಚಿರುವಲ್ಲಿ ಭಾರ ಹೆಚ್ಚು, ಕಡಿಮೆ ಇರುವಲ್ಲಿ ಕಡಿಮೆ ಎನಿಸಲಿ ಎಂಬುದು ಆ ವಕ್ರ ರಾಟೆಯ ಗುಟ್ಟು. 1978ರಲ್ಲಿ ರಬ್ಬರ್ ಪಟ್ಟಿಯ 'ಸೋಲೋಫ್ಲೆಕ್ಸ್', 1986ರಲ್ಲಿ ಬಾಗುವ ಕಂಬಿಗಳ 'ಬೋಫ್ಲೆಕ್ಸ್' ಮನೆಗಳಿಗೇ ನೇರವಾಗಿ ಬಂದವು. 1990ರ ದಶಕದಲ್ಲಿ ನಮ್ಮಲ್ಲೂ ಕೇಬಲ್ ಟಿವಿ ಬಂದ ಮೇಲೆ ನಡುರಾತ್ರಿಯ ಟೆಲಿಶಾಪಿಂಗ್‌ನಲ್ಲಿ ಇಂಥ ಯಂತ್ರಗಳು ಹಿಂದಿ ಮಾತಾಡಲು ಕಲಿತವು.

ಇವುಗಳ ಮೇಲಿನ ತೂಕದ ಅಂಕಿ ನಂಬುವ ಮೊದಲು ಒಂದು ಮಾತು. ಮೇಲೆ ಗಟ್ಟಿಯಾಗಿ ಕೂರಿಸಿದ ರಾಟೆ ಎಳೆಯುವ ದಿಕ್ಕನ್ನು ಮಾತ್ರ ಬದಲಿಸುತ್ತದೆ, ಬಾವಿಯ ರಾಟೆಯಂತೆ. ಬಿಲ್ಲೆಗಳ ಜೊತೆ ತಾನೂ ಮೇಲೇರುವ ರಾಟೆಯಾದರೆ 40 ಕಿಲೋ ಕೈಗೆ 20 ಕಿಲೋ ಮಾತ್ರ, ಆದರೆ ತಂತಿಯನ್ನು ಎರಡು ಪಟ್ಟು ಎಳೆಯಬೇಕು. ಸ್ಪ್ರಿಂಗು, ರಬ್ಬರು ಎಳೆದಷ್ಟೂ ಬಿಗಿ. ಹಾಗಾಗಿ ಪಕ್ಕದ ಮನೆಯವರ 50ಕ್ಕೂ ನಿಮ್ಮ 30ಕ್ಕೂ ಪೈಪೋಟಿ ಬೇಡ. ನಿಮ್ಮ ಯಂತ್ರದಲ್ಲಿ ಹೋದ ತಿಂಗಳ ನಿಮ್ಮ ಅಂಕಿಯೇ ನಿಮಗೆ ಅಳತೆಗೋಲು.

ಆ ಅಂಕಿ ಸ್ವಲ್ಪ ಸ್ವಲ್ಪವಾಗಿ ಏರಬೇಕು ಎಂಬುದನ್ನು ವೈದ್ಯಕ್ಕೆ ತಂದವರು ಅಮೆರಿಕದ ಸೇನಾ ವೈದ್ಯ ಥಾಮಸ್ ಡಿಲೋರ್ಮ್. ಎರಡನೆಯ ಮಹಾಯುದ್ಧದಲ್ಲಿ ಕಾಲಿಗೆ ಪೆಟ್ಟಾದ ಸೈನಿಕರಿಗೆ ಅವರು ಬರೀ ವಿಶ್ರಾಂತಿ ಹೇಳಲಿಲ್ಲ. ಹಂತಹಂತವಾಗಿ ಹೆಚ್ಚುವ ಭಾರ ಕೊಟ್ಟರು, 1945ರಲ್ಲಿ ಅದರ ಬಗ್ಗೆ ಲೇಖನ ಪ್ರಕಟಿಸಿದರು.

1990ರ ಇನ್ನೊಂದು ಅಧ್ಯಯನ ಓದಿದಾಗ ನನಗೆ ನೆನಪಾದದ್ದು ಗೋಡೆ ಹಿಡಿದು ಏಳುವ ಅಪ್ಪ. ಬಾಸ್ಟನ್ನಿನ ವೃದ್ಧರ ಆರೈಕೆ ಕೇಂದ್ರವೊಂದರಲ್ಲಿ 90ರ ಆಸುಪಾಸಿನ ಹತ್ತು ಮಂದಿಗೆ ಎಂಟು ವಾರ ತೊಡೆಯ ಸ್ನಾಯುಗಳ ಭಾರಸಾಧನೆ ಮಾಡಿಸಿದರು. ಕೊನೆಯವರೆಗೆ ಉಳಿದ ಒಂಬತ್ತು ಮಂದಿಯ ಬಲ ಸರಾಸರಿ ಶೇ. 174ರಷ್ಟು ಹೆಚ್ಚಿತು. ಆಮೇಲೆ ನಾಲ್ಕು ವಾರ ಸಾಧನೆ ನಿಲ್ಲಿಸಿದಾಗ ಶೇ. 32ರಷ್ಟು ಬಲ ಇಳಿದುಹೋಯಿತು. ಎರಡೂ ಅಂಕಿಗಳನ್ನು ಒಟ್ಟಿಗೆ ನೆನಪಿಡಿ. ಮೊದಲನೆಯದು "ತಡವಾಗಿಲ್ಲ" ಅನ್ನುತ್ತದೆ, ಎರಡನೆಯದು "ಬಿಟ್ಟರೆ ಕೆಟ್ಟಿತು" ಅನ್ನುತ್ತದೆ.

ಹಾಗಾದರೆ ಬಿಡದಂತೆ ಹಿಡಿದಿಡುವುದು ಯಾವುದು? ನನ್ನ ವೃತ್ತಿಯಿಂದಲೇ ಒಂದು ಉದಾಹರಣೆ ಕೊಡುತ್ತೇನೆ. ಜಪಾನಿನಲ್ಲಿ 1928ರಲ್ಲಿ ರೇಡಿಯೋ ವ್ಯಾಯಾಮ ಶುರುವಾಯಿತು. ಯುದ್ಧದ ನಂತರ ಕೆಲವು ವರ್ಷ ನಿಂತಿದ್ದರೂ 1951ರಲ್ಲಿ ಮತ್ತೆ ಬಂತು. ಇಂದಿಗೂ ಬೆಳಿಗ್ಗೆ 6.30ಕ್ಕೆ ಪಿಯಾನೋ ನುಡಿಯುತ್ತದೆ, ಪಾರ್ಕುಗಳಲ್ಲಿ ಅಜ್ಜ ಅಜ್ಜಿಯರು ಕೈಯೆತ್ತುತ್ತಾರೆ. ಅದು ಭಾರ ಎತ್ತುವ ಸಾಧನೆಯಲ್ಲ, ನಿಜ. ಆದರೆ ಯಂತ್ರದ ಪೆಟ್ಟಿಗೆಯಲ್ಲಿ ಬಾರದ ಎರಡು ವಸ್ತು ಅದರಲ್ಲಿವೆ. ಒಂದು, ತಪ್ಪದ ಗಂಟೆ. ಇನ್ನೊಂದು, ತನ್ನಂತೆಯೇ ಬೇರೆ ಯಾರೋ ಈಗ ಕೈಯೆತ್ತುತ್ತಿದ್ದಾರೆ ಎಂಬ ಭಾವ. ಗರಡಿಯಲ್ಲೂ ಇದ್ದದ್ದು ಅವೇ ಎರಡು.

ನಮ್ಮ ಮನೆಯ ಕಥೆ ಮುಗಿಸುತ್ತೇನೆ. ಡಾಕ್ಟರರನ್ನು ಕೇಳಿ, ಒಂದೇ ಬಿಲ್ಲೆಯಿಂದ ಅಪ್ಪನ ಕಾಲಿನ ವ್ಯಾಯಾಮ ಶುರು ಮಾಡಿದೆವು. ವಾರಕ್ಕೆ ಮೂರು ದಿನ, ಬೆಳಿಗ್ಗೆ ಆರೂವರೆ. ಗೋಡೆಗೆ ಹಳೆಯ ಕ್ಯಾಲೆಂಡರ್ ತೂಗುಹಾಕಿ, ಮಾಡಿದ ದಿನಕ್ಕೆ ಅವರು ಒಂದು ಗೀಟು, ನಾನು ಒಂದು ಗೀಟು. ಎರಡು ತಿಂಗಳಿಗೆ ಮೂರು ಬಿಲ್ಲೆ ಆಯಿತು. ಯುಗಾದಿಯ ದಿನ ಎಲೆಯ ಮುಂದೆ ಕೂತಿದ್ದ ಅಪ್ಪ ಗೋಡೆ ಮುಟ್ಟದೆ ಎದ್ದರು. ಎದ್ದದ್ದು ಅವರಿಗೇ ಗೊತ್ತಾಗಲಿಲ್ಲ. ಅಮ್ಮ ನೋಡಿದಳು, ಏನೂ ಹೇಳದೆ ಎಲೆ ಎತ್ತಿದಳು.

ಅಪ್ಪ ಈಗ ಊರಿಗೆ ಹೋಗಿದ್ದಾರೆ. ಅಲ್ಲಿ ಯಂತ್ರವಿಲ್ಲ, ಕುರ್ಚಿ ಹಿಡಿದು ಬಸ್ಕಿ ಹೊಡೆಯುತ್ತಾರೆ. ಆರೂವರೆಗೆ ಫೋನ್ ಬರುತ್ತದೆ: "ಎದ್ದೆಯೇನೋ?" ಇದಕ್ಕೆ ವಸ್ತಾದ್ ಯಾರು ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಹೀಗೆ.

ನಿಮ್ಮ ಮನೆಯ ಯಂತ್ರದ ಮೇಲಿನ ಬೆಡ್‌ಶೀಟ್ ಇವತ್ತು ತೆಗೆಯಿರಿ. ತಂತಿ ಸವೆದಿದೆಯೇ, ಬೋಲ್ಟು ಬಿಗಿ ಇದೆಯೇ ನೋಡಿ. ಒಂದು ಬಿಲ್ಲೆ ಸಾಕು. ಒಂದು ಗಂಟೆ ಗೊತ್ತು ಮಾಡಿ, ಗದರಲು ಒಬ್ಬರನ್ನು ಹುಡುಕಿಕೊಳ್ಳಿ. ಟವೆಲ್ ಒಣಗಿಸಲು ಬಾಲ್ಕನಿಯ ಹಗ್ಗ ಇದ್ದೇ ಇದೆ.

ಮತ್ತೆ ಬಾನುಲಿಯಲ್ಲಿ ಸಿಗೋಣ.