ಕಿವಿಗೆ ಬಣ್ಣ ಗೊತ್ತಿಲ್ಲ



ರೇಡಿಯೋದಲ್ಲಿ ಒಂದು ಹಾಡು ಬರುತ್ತಿದೆ ಎಂದಿಟ್ಟುಕೊಳ್ಳಿ. ದನಿ ಇಂಪಾಗಿದೆ, ನಿಮ್ಮ ಕಾಲು ನಿಮಗೇ ತಿಳಿಯದಂತೆ ತಾಳ ಹಾಕುತ್ತಿದೆ. ಹಾಡುತ್ತಿರುವವರು ಯಾವ ಊರಿನವರು, ಯಾವ ಕುಲದವರು, ಕಪ್ಪಗಿದ್ದಾರೋ ಬೆಳ್ಳಗಿದ್ದಾರೋ ಎಂದು ಆ ಹೊತ್ತಿನಲ್ಲಿ ಯೋಚಿಸುತ್ತೀರಾ? ಇಲ್ಲ ತಾನೆ! ಮುಂಬಯಿ, ಪುಣೆ, ಚೆನ್ನೈಗಳ ನಮ್ಮ ಮನೆಗಳಲ್ಲಿ ಕನ್ನಡ ಹಾಡು ಹಾಕಿದಾಗ, ಭಾಷೆ ತಿಳಿಯದ ಪಕ್ಕದ ಮನೆಯವರೂ ಅದನ್ನು ಗುನುಗಿದ್ದನ್ನು ನೀವು ಕಂಡಿರಬಹುದು.

ಕಿವಿಯ ಈ ಒಳ್ಳೆಯ ಗುಣವನ್ನು ನಂಬಿ ಅಮೆರಿಕದಲ್ಲಿ ಒಬ್ಬರು ದೊಡ್ಡದೊಂದು ಹಾಡಿನ ಕಂಪನಿ ಕಟ್ಟಿದರು. ಅರವತ್ತರಿಂದ ಎಂಬತ್ತರ ದಶಕದವರೆಗಿನ ಅಮೆರಿಕದ ಪಾಪ್ ಸಂಸ್ಕೃತಿ ಎಂದಾಕ್ಷಣ ನಮಗೆ ನೆನಪಾಗುವುದು ಉದ್ದ ಕೂದಲಿನ ಹಿಪ್ಪಿಗಳು, 1969ರ ವುಡ್‌ಸ್ಟಾಕ್, ಬೆಲ್ ಬಾಟಮ್ ಪ್ಯಾಂಟು, ಡಿಸ್ಕೋ ದೀಪಗಳು, ಕೊನೆಗೆ ಮೈಕೆಲ್ ಜಾಕ್ಸನ್ ಒಂದೇ ಕೈಗೆ ಹಾಕುತ್ತಿದ್ದ ಮಿನುಗುವ ಗವಸು. ಈ ಗದ್ದಲದ ನಡುವೆ ಒಂದು ಎಳೆ ಮೂವತ್ತು ವರ್ಷ ಹರಿದುಬಂದಿದೆ. ರೇಡಿಯೋ ಕೇಳುವ ನಾವು ನೀವು ಅದನ್ನು ನೆನೆಯಲೇಬೇಕು. ಬನ್ನಿ, ಡೆಟ್ರಾಯಿಟ್ ಎಂಬ ಊರಿಗೆ ಹೋಗೋಣ.

ಡೆಟ್ರಾಯಿಟ್ ಕಾರುಗಳ ಊರು. ಬೆರಿ ಗಾರ್ಡಿ ಎಂಬ ಕಪ್ಪು ಯುವಕ ಅಲ್ಲಿ ಬಾಕ್ಸಿಂಗ್ ಆಡಿ ನೋಡಿದರು, ಜಾಝ್ ರೆಕಾರ್ಡುಗಳ ಅಂಗಡಿ ಇಟ್ಟು ಕೈಸುಟ್ಟುಕೊಂಡರು, ನಂತರ ಫೋರ್ಡ್ ಕಂಪನಿಯ ಕಾರು ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದರು. ಬರಿಯ ಚೌಕಟ್ಟಾಗಿ ಒಂದು ತುದಿಯಲ್ಲಿ ಒಳಬಂದದ್ದು, ಕೈಯಿಂದ ಕೈಗೆ ದಾಟುತ್ತಾ, ಇನ್ನೊಂದು ತುದಿಯಲ್ಲಿ ಹೊಳೆಯುವ ಕಾರಾಗಿ ಹೊರಗೆ ಹೋಗುವುದನ್ನು ಅವರು ದಿನವೂ ನೋಡುತ್ತಿದ್ದರು. ಹಾಡನ್ನೂ ಹೀಗೆ ತಯಾರಿಸಿದರೆ? 1959ರ ಜನವರಿಯಲ್ಲಿ ಮನೆಯವರೆಲ್ಲ ಸೇರಿ ಕೂಡಿಟ್ಟಿದ್ದ ಹಣದಿಂದ 800 ಡಾಲರ್ ಸಾಲ ಪಡೆದು ಗಾರ್ಡಿ ಕಂಪನಿ ತೆರೆದರು. ಹಿಂದೆ ಫೋಟೋ ಸ್ಟುಡಿಯೋ ಆಗಿದ್ದ ಒಂದು ಮನೆಯನ್ನು ಕೊಂಡು ರೆಕಾರ್ಡಿಂಗ್‌ಗೆ ಸಜ್ಜುಮಾಡಿದರು. ಒಂದೂ ದೊಡ್ಡ ಹಾಡು ಕೈಯಲ್ಲಿಲ್ಲದಿದ್ದರೂ ಮನೆಯ ಮುಂದೆ 'ಹಿಟ್ಸ್‌ವಿಲ್ ಯು.ಎಸ್.ಎ.' ಎಂಬ ಬೋರ್ಡು! ಹಿಟ್ ಹಾಡುಗಳ ಊರು ಎಂದರ್ಥ. ಮೋಟಾರುಗಳ ಪಟ್ಟಣ ಎಂಬುದನ್ನು ಮೊಟಕು ಮಾಡಿ 'ಮೋಟೌನ್' ಎಂಬ ಹೆಸರೂ ಹುಟ್ಟಿತು.

ಅಲ್ಲಿಯ ಕೆಲಸದ ರೀತಿ ಕೇಳಿದರೆ ನಿಮಗೆ ಮೋಜೆನಿಸುತ್ತದೆ. ಒಬ್ಬರು ಹಾಡು ಬರೆಯುವುದು, ಇನ್ನೊಬ್ಬರು ಮಟ್ಟು ಹಾಕುವುದು, ಮತ್ತೊಂದು ತಂಡ ವಾದ್ಯ ನುಡಿಸುವುದು, ಕೊನೆಗೆ ಹಾಡುವವರ ಸರದಿ. ಪ್ರತಿಧ್ವನಿ ಬೇಕೆಂದರೆ ಮನೆಯ ಅಟ್ಟವೇ ಗತಿ. ಶುಕ್ರವಾರದ ಸಭೆಯಲ್ಲಿ ವಾರದ ಹಾಡುಗಳಿಗೆ ಪರೀಕ್ಷೆ. "ಹೊಟ್ಟೆ ಹಸಿದಿದೆ, ಕೈಯಲ್ಲಿ ಉಳಿದಿರುವುದು ಒಂದೇ ಡಾಲರ್. ಈ ರೆಕಾರ್ಡು ಕೊಳ್ಳುತ್ತೀರೋ, ಸ್ಯಾಂಡ್‌ವಿಚ್ ತಿನ್ನುತ್ತೀರೋ?" ಇದು ಗಾರ್ಡಿಯವರು ಕೇಳುತ್ತಿದ್ದ ಪ್ರಶ್ನೆ. ಇನ್ನೊಂದು ಜಾಣತನವೂ ಅಲ್ಲಿತ್ತು. ಸ್ಟುಡಿಯೋದ ದೊಡ್ಡ ಸ್ಪೀಕರಿನಲ್ಲಿ ಯಾವ ಹಾಡಾದರೂ ಚೆನ್ನಾಗಿಯೇ ಕೇಳುತ್ತದೆ. ಆದರೆ ಹುಡುಗ ಹುಡುಗಿಯರು ಹಾಡು ಕೇಳುವುದು ಕಾರಿನ ಪುಟ್ಟ ರೇಡಿಯೋದಲ್ಲಿ. ಆದ್ದರಿಂದ ಅಂಥದೇ ಚಿಕ್ಕ ಸ್ಪೀಕರಿನಲ್ಲಿ ಹಾಕಿ ಕೇಳಿ, ಅಲ್ಲಿ ಗೆದ್ದರೆ ಮಾತ್ರ ಮುಂದಕ್ಕೆ.

ಅಂದಿನ ಅಮೆರಿಕ ಹೇಗಿತ್ತು ಎಂಬುದನ್ನೂ ನೆನೆಯಬೇಕು. ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಜನರಿಗೆ ಬೇರೆ ಶಾಲೆ, ಬೇರೆ ನೀರಿನ ನಲ್ಲಿ, ಬಸ್ಸಿನಲ್ಲಿ ಬೇರೆ ಸೀಟು. ಅಸ್ಪೃಶ್ಯತೆಯ ಇತಿಹಾಸವುಳ್ಳ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಾಡಿಗೂ ಈ ಬೇಲಿ ಇತ್ತು. ಕಪ್ಪು ಕಲಾವಿದರ ರೆಕಾರ್ಡುಗಳ ಪಟ್ಟಿಯೇ ಬೇರೆ. ಬಿಲ್‌ಬೋರ್ಡ್ ಪತ್ರಿಕೆ 1949ರಲ್ಲಿ 'ರೇಸ್ ರೆಕಾರ್ಡ್ಸ್' ಎಂಬ ಹಳೆಯ ಹೆಸರನ್ನು 'ರಿದಮ್ ಅಂಡ್ ಬ್ಲೂಸ್' ಎಂದು ಬದಲಿಸಿತ್ತು. ಹೆಸರು ಬದಲಾಯಿತೇ ಹೊರತು ಬೇಲಿ ಹೋಗಲಿಲ್ಲ.

ಗಾರ್ಡಿ ಈ ಬೇಲಿಯನ್ನು ದಾಟಲು ಹಿಡಿದದ್ದು ರೇಡಿಯೋದ ದಾರಿಯನ್ನು. ತಮ್ಮ ಹಾಡುಗಳನ್ನು ಅವರು ಕಪ್ಪು ಸಂಗೀತವೆಂದು ಮಾರಲಿಲ್ಲ, 'ಯುವ ಅಮೆರಿಕದ ದನಿ' ಎಂದು ಕರೆದರು. 1961ರ ಡಿಸೆಂಬರಿನಲ್ಲಿ ಮಾರ್ವೆಲೆಟ್ಸ್ ಎಂಬ ಹುಡುಗಿಯರ ತಂಡದ 'ಪ್ಲೀಸ್ ಮಿಸ್ಟರ್ ಪೋಸ್ಟ್‌ಮ್ಯಾನ್' ಇಡೀ ದೇಶದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಬಂತು. ಆದರೆ ಅದೇ ಹೆಸರಿನ ಆಲ್ಬಮ್ಮಿನ ಹೊದಿಕೆ ನೋಡಿದರೆ ಹುಡುಗಿಯರೇ ಇಲ್ಲ, ಇರುವುದು ಒಂದು ಅಂಚೆ ಡಬ್ಬಿಯ ಚಿತ್ರ! 1966ರಲ್ಲಿ ಐಸ್ಲಿ ಬ್ರದರ್ಸ್ ತಂಡದ ಆಲ್ಬಮ್ಮಿಗೆ ಹಾಕಿದ್ದು ಕಡಲತೀರದಲ್ಲಿ ಕೂತ ಬಿಳಿಯ ಜೋಡಿಯೊಂದರ ಫೋಟೋ. ಹಾಡು ಯಾರ ಮನೆಗಾದರೂ ಹೋಗಬಹುದಿತ್ತು, ಹಾಡಿದವರ ಮುಖ ಹೋಗುವಂತಿರಲಿಲ್ಲ.

1962ರಲ್ಲಿ ಈ ಕಲಾವಿದರು ಬಸ್ಸಿನಲ್ಲಿ ದಕ್ಷಿಣದ ಊರುಗಳಿಗೆ ಹೊರಟರು. ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನಲ್ಲಿ ಅವರ ಬಸ್ಸಿನ ಮೇಲೆ ಗುಂಡು ಹಾರಿತು. ಕೆಲವು ಸಭಾಂಗಣಗಳಲ್ಲಿ ನಡುವೆ ಹಗ್ಗ ಕಟ್ಟಿ, ಆ ಕಡೆ ಬಿಳಿಯರು ಈ ಕಡೆ ಕಪ್ಪು ಜನ ಎಂದು ಕೂರಿಸುತ್ತಿದ್ದರು. ಎರಡೂ ಕಡೆಯವರು ಕುಣಿಯುತ್ತಿದ್ದದ್ದು ಮಾತ್ರ ಒಂದೇ ಹಾಡಿಗೆ. ಮುಂದೆ ಅದೇ ಊರುಗಳಿಗೆ ಹೋದಾಗ ಹಗ್ಗ ಇರಲಿಲ್ಲ ಎಂದು ಗಾಯಕ ಸ್ಮೋಕಿ ರಾಬಿನ್‌ಸನ್ ನೆನೆಸಿಕೊಂಡಿದ್ದಾರೆ.

ಇಲ್ಲಿ ನಮ್ಮ ದೇಶದ ರೇಡಿಯೋದ ನೆನಪೊಂದನ್ನು ಹೇಳಬೇಕು. ಮೋಟೌನ್ ಹುಟ್ಟಿದ ಅದೇ 1959ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರು ಗಾಂಧೀಜಿಯ ನಾಡನ್ನು ನೋಡಲು ಬಂದಿದ್ದರು. ಹಿಂದಿರುಗುವ ಮುನ್ನ, ಮಾರ್ಚ್ 9ರಂದು, ಅವರು ಬೀಳ್ಕೊಡುಗೆಯ ಮಾತುಗಳನ್ನಾಡಿದ್ದು ನಮ್ಮ ಆಕಾಶವಾಣಿಯಲ್ಲೇ! ನಾಲ್ಕು ವರ್ಷದ ನಂತರ, 1963ರ ಜೂನ್ 23ರಂದು, ಡೆಟ್ರಾಯಿಟ್‌ನಲ್ಲಿ ಕಿಂಗ್ ಮಾಡಿದ ಭಾಷಣವನ್ನು ರೆಕಾರ್ಡಾಗಿ ಹೊರತಂದದ್ದು ಗಾರ್ಡಿಯವರ ಇದೇ ಕಂಪನಿ.

1964ರ ಫೆಬ್ರುವರಿ 9ರಂದು ಬೀಟಲ್ಸ್ ತಂಡ ಎಡ್ ಸಲಿವನ್ ಅವರ ಟಿ.ವಿ. ಕಾರ್ಯಕ್ರಮದಲ್ಲಿ ಹಾಡಿತು. ನೋಡಿದವರು ಸುಮಾರು 7 ಕೋಟಿ 30 ಲಕ್ಷ ಜನ. ಆ ಬ್ರಿಟಿಷ್ ಅಲೆಯಲ್ಲಿ ಅಮೆರಿಕದ ಎಷ್ಟೋ ಹಾಡುಗಾರರು ಕೊಚ್ಚಿಹೋದರು. ಮೋಟೌನ್ ಮಾತ್ರ ಎದುರು ಈಜಿತು. ಡೆಟ್ರಾಯಿಟ್‌ನ ಸರ್ಕಾರಿ ವಸತಿಯಲ್ಲಿ ಬೆಳೆದ ಮೂವರು ಹುಡುಗಿಯರ 'ಸುಪ್ರೀಮ್ಸ್' ತಂಡ 1964-65ರಲ್ಲಿ ಸಾಲಾಗಿ ಐದು ಹಾಡುಗಳನ್ನು ಮೊದಲ ಸ್ಥಾನಕ್ಕೆ ಮುಟ್ಟಿಸಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅವರೂ ಸಲಿವನ್ ವೇದಿಕೆ ಹತ್ತಿದರು. ಟಿ.ವಿ. ಎಂದರೆ ಕಣ್ಣಿನ ಲೋಕ. ಅದಕ್ಕಾಗಿ ಮ್ಯಾಕ್ಸೀನ್ ಪವೆಲ್ ಎಂಬ ಶಿಕ್ಷಕಿ ಹೇಗೆ ನಡೆಯಬೇಕು, ಹೇಗೆ ಕೂರಬೇಕು ಎಂದು ತಿದ್ದಿ ತೀಡಿ, ಅರಮನೆಗೆ ಹೋದರೂ ತಲೆ ತಗ್ಗಿಸದಂತೆ ತಯಾರು ಮಾಡಿದ್ದರು. ಬಿಳಿಯ ಹುಡುಗರು ಗಿಟಾರ್ ಹಿಡಿದು ತಲೆ ಕೊಡವಿದರೆ ಸಾಕಿತ್ತು. ಈ ಹುಡುಗಿಯರಿಗೆ ಪರೀಕ್ಷೆಯೇ ಬೇರೆ!

1967ರ ಜುಲೈನಲ್ಲಿ ಡೆಟ್ರಾಯಿಟ್ ಹೊತ್ತಿ ಉರಿಯಿತು, ಆ ಗಲಭೆಯಲ್ಲಿ 43 ಜನ ಸತ್ತರು. ಬರೀ ಪ್ರೇಮಗೀತೆ ಹಾಡಿಕೊಂಡಿರುವುದು ಕಲಾವಿದರಿಗೂ ಕಷ್ಟವಾಯಿತು. 1971ರಲ್ಲಿ ಮಾರ್ವಿನ್ ಗೇ ಯುದ್ಧ, ಬಡತನ, ಪೊಲೀಸರ ಲಾಠಿಯ ಬಗ್ಗೆ ಕೇಳುವ 'ವಾಟ್ಸ್ ಗೋಯಿಂಗ್ ಆನ್' ತಂದರು. ಇದು ಓಡುವುದಿಲ್ಲ ಎಂದೇ ಗಾರ್ಡಿ ಮೊದಲು ತಡೆದಿದ್ದರು. ಓಡಿತು! ಆ ಆಲ್ಬಮ್ಮಿನಲ್ಲಿ ಇನ್ನೊಂದು ವಿಶೇಷವಿದೆ. ಅಷ್ಟು ವರ್ಷ ಎಲ್ಲ ಹಾಡುಗಳ ಹಿಂದೆ ನುಡಿಸಿದ 'ಫಂಕ್ ಬ್ರದರ್ಸ್' ವಾದ್ಯಗಾರರ ಹೆಸರು ಮೋಟೌನ್ ರೆಕಾರ್ಡಿನ ಮೇಲೆ ಅಚ್ಚಾದದ್ದು ಅದರಲ್ಲೇ ಮೊದಲು. 1972ರಲ್ಲಿ ಕಂಪನಿ ಲಾಸ್ ಏಂಜಲೀಸ್‌ಗೆ ಹೊರಟುಹೋಯಿತು.

ಎಪ್ಪತ್ತರ ದಶಕ ಡಿಸ್ಕೋ ದಶಕ. ಕಪ್ಪು ಜನರ, ಲ್ಯಾಟಿನೋಗಳ, ಸಲಿಂಗಿಗಳ ಕ್ಲಬ್ಬುಗಳಲ್ಲಿ ಬೆಳೆದ ಆ ಕುಣಿತ ದೇಶವನ್ನೆಲ್ಲ ಆವರಿಸಿತು. ಅದಕ್ಕೆ ಎದುರೇಟು ಬಂದದ್ದು, ಹೇಳಲು ಸಂಕೋಚವಾಗುತ್ತದೆ, ರೇಡಿಯೋದಿಂದಲೇ. 1979ರ ಜುಲೈ 12ರಂದು ಷಿಕಾಗೋದ ಕಮಿಸ್ಕಿ ಪಾರ್ಕ್ ಬೇಸ್‌ಬಾಲ್ ಮೈದಾನದಲ್ಲಿ, ಡಿಸ್ಕೋ ರೆಕಾರ್ಡು ತಂದವರಿಗೆ 98 ಸೆಂಟಿಗೆ ಪ್ರವೇಶ. ಸ್ಟೀವ್ ಡಾಲ್ ಎಂಬ ರೇಡಿಯೋ ನಿರೂಪಕರು ರಾಶಿ ಹಾಕಿದ ರೆಕಾರ್ಡುಗಳನ್ನು ಮದ್ದಿಟ್ಟು ಸಿಡಿಸಿದರು. ಸಾವಿರಾರು ಜನ ಮೈದಾನಕ್ಕೆ ನುಗ್ಗಿ, ಎರಡನೆಯ ಪಂದ್ಯವೇ ನಡೆಯಲಿಲ್ಲ. ಅಂದು ಅಲ್ಲಿ ಕೆಲಸಕ್ಕಿದ್ದ ವಿನ್ಸ್ ಲಾರೆನ್ಸ್ ಎಂಬ ಕಪ್ಪು ಹುಡುಗ ಒಂದು ಸಂಗತಿ ಗಮನಿಸಿದರು. ಜನ ತಂದಿದ್ದ ರಾಶಿಯಲ್ಲಿ ಡಿಸ್ಕೋ ಅಲ್ಲದ, ಕೇವಲ ಕಪ್ಪು ಕಲಾವಿದರವು ಎಂಬ ಕಾರಣಕ್ಕೆ ಬಂದ ರೆಕಾರ್ಡುಗಳೂ ಇದ್ದವು! ತಮ್ಮ ಮನಸ್ಸಿನಲ್ಲಿ ಅಂಥ ದ್ವೇಷ ಇರಲಿಲ್ಲ ಎಂದು ಡಾಲ್ ಹೇಳುತ್ತಲೇ ಬಂದಿದ್ದಾರೆ. ಇರಬಹುದು. ಆದರೆ ಮೈಕು ಹಿಡಿದವರು ಏನನ್ನು ಹೊತ್ತಿಸುತ್ತಿದ್ದೇವೆಂದು ನೋಡಿಕೊಳ್ಳಬೇಕಲ್ಲವೇ?

1981ರ ಆಗಸ್ಟ್ 1ರಂದು ಎಂಟಿವಿ ಬಂತು. ಅದರ ಮೊದಲ ಹಾಡೇ ವಿಡಿಯೋ ಬಂದು ರೇಡಿಯೋ ತಾರೆಯನ್ನು ಕೊಂದಿತು ಎನ್ನುವ ಅರ್ಥದ್ದು. ಈಗ ಹಾಡು ಕೇಳುವ ವಸ್ತುವಷ್ಟೇ ಅಲ್ಲ, ನೋಡುವ ವಸ್ತು. ನೋಡತೊಡಗಿದ ಕೂಡಲೇ ಹಳೆಯ ಬಣ್ಣ ಮತ್ತೆ ಕಾಣಿಸಿತು. ನಮ್ಮದು ರಾಕ್ ಸಂಗೀತದ ಚಾನೆಲ್ ಎಂಬ ವಿವರಣೆ ಕೊಟ್ಟು ಎಂಟಿವಿ ಕಪ್ಪು ಕಲಾವಿದರಿಗೆ ಬಹಳ ಕಡಿಮೆ ಜಾಗ ಕೊಟ್ಟಿತು. 1983ರಲ್ಲಿ ಬ್ರಿಟಿಷ್ ಗಾಯಕ ಡೇವಿಡ್ ಬೋವಿ, ಎಂಟಿವಿಯ ಸಂದರ್ಶನದಲ್ಲೇ ಕೂತು, ಏಕೆ ಹೀಗೆ ಎಂದು ನಿರೂಪಕರನ್ನು ನೇರವಾಗಿ ಕೇಳಿಬಿಟ್ಟರು.

ಅದೇ ವರ್ಷ ಮೋಟೌನ್ ಗರಡಿಯಲ್ಲಿ ಪಳಗಿದ್ದ ಒಬ್ಬ ಹುಡುಗ ಆ ಬಾಗಿಲು ತೆಗೆಸಿದ. ಅಣ್ಣಂದಿರ ಜೊತೆ ಜಾಕ್ಸನ್ 5 ತಂಡದಲ್ಲಿ ಹಾಡುತ್ತಿದ್ದ ಮೈಕೆಲ್ ಈಗ 24ರ ಯುವಕ. ಮಾರ್ಚ್‌ನಲ್ಲಿ ಅವನ 'ಬಿಲ್ಲಿ ಜೀನ್' ವಿಡಿಯೋ ಎಂಟಿವಿಯಲ್ಲಿ ಬಂತು. ಮೇ 16ರಂದು ಮೋಟೌನ್‌ನ 25ನೇ ವರ್ಷದ ಕಾರ್ಯಕ್ರಮ ಟಿ.ವಿ.ಯಲ್ಲಿ ಪ್ರಸಾರವಾದಾಗ, ಮುಂದಕ್ಕೆ ನಡೆದಂತೆ ಕಾಣುತ್ತಾ ಹಿಂದಕ್ಕೆ ಜಾರುವ ಅವನ 'ಮೂನ್‌ವಾಕ್' ಕಂಡು ದೇಶ ಬೆರಗಾಯಿತು. 'ಥ್ರಿಲ್ಲರ್' ಆಲ್ಬಮ್ 37 ವಾರ ಮೊದಲ ಸ್ಥಾನದಲ್ಲಿ ನಿಂತಿತು. ಅಂಚೆ ಡಬ್ಬಿಯ ಹಿಂದೆ ಅಡಗಬೇಕಿದ್ದ ಮುಖ ಈಗ ಜಗತ್ತಿನ ಗೋಡೆಗಳ ಮೇಲಿತ್ತು.

ಮೂನ್‌ವಾಕ್ ನಡೆದ ಅದೇ ಸಭಾಂಗಣದಲ್ಲಿ ಇನ್ನೊಬ್ಬರಿದ್ದರು. ಮೋಟೌನ್ ಹಾಡುಗಳಿಗೆಲ್ಲ ಜೀವ ತುಂಬಿದ ಬಾಸ್ ಗಿಟಾರ್ ವಾದಕ ಜೇಮ್ಸ್ ಜೇಮರ್‌ಸನ್. ಅವರಿಗೆ ಕರೆ ಬಂದಿರಲಿಲ್ಲ. ತಾವೇ ಟಿಕೆಟ್ ಕೊಂಡು ಪ್ರೇಕ್ಷಕರ ನಡುವೆ ಕೂತಿದ್ದರು. ಕೆಲವೇ ತಿಂಗಳಲ್ಲಿ, ಆಗಸ್ಟ್ 2ರಂದು, ತೀರಿಕೊಂಡರು. ಬಣ್ಣದ ಬೇಲಿ ಮುರಿದ ಮನೆಯಲ್ಲೂ ಹೆಸರಿಲ್ಲದವರು ಉಳಿದೇ ಇದ್ದರು.

ಈ ಕಥೆಯಲ್ಲಿ ನನಗೆ ತೀರಾ ಹತ್ತಿರದವರು ಸ್ಟೀವಿ ವಂಡರ್. ಹನ್ನೊಂದನೆಯ ವಯಸ್ಸಿಗೇ ಮೋಟೌನ್ ಸೇರಿದ, ಕಣ್ಣು ಕಾಣದ ಹುಡುಗ. ಕಿಂಗ್ ಅವರ ಹುಟ್ಟುಹಬ್ಬಕ್ಕೆ ರಾಷ್ಟ್ರೀಯ ರಜೆ ಬೇಕೆಂದು ಹಾಡು ಕಟ್ಟಿ, 1981ರ ಜನವರಿಯಲ್ಲಿ ವಾಷಿಂಗ್ಟನ್‌ನಲ್ಲಿ ಜನ ಸೇರಿಸಿದರು. 1983ರ ನವೆಂಬರ್ 2ರಂದು ಆ ಕಾನೂನಿಗೆ ಅಧ್ಯಕ್ಷ ರೇಗನ್ ಸಹಿ ಹಾಕಿದರು. ಒಂದು ಹಾಡು ಒಂದು ದೇಶದ ಕ್ಯಾಲೆಂಡರಿನಲ್ಲಿ ಕೆಂಪು ಅಂಕಿ ಮೂಡಿಸಲು ನೆರವಾಯಿತು!

1988ರಲ್ಲಿ ಗಾರ್ಡಿ ಕಂಪನಿಯನ್ನು 6 ಕೋಟಿ 10 ಲಕ್ಷ ಡಾಲರಿಗೆ ಮಾರಿದರು. ಹಿಟ್ಸ್‌ವಿಲ್ ಮನೆ ಇಂದು ಮ್ಯೂಸಿಯಂ. ಮುಂಬಯಿಯ ನಮ್ಮ ಹಿರಿಯ ಕೇಳುಗರಿಗೆ ನೆನಪಿರಬೇಕು, 1996ರ ನವೆಂಬರ್ 1ರಂದು ಅಂಧೇರಿಯಲ್ಲಿ ಮೈಕೆಲ್ ಜಾಕ್ಸನ್ ಕುಣಿದಾಗ ನಗರವೇ ಅತ್ತ ಹರಿದಿತ್ತು. ಆ ಕುಣಿತದ ಹಿಂದೆ 800 ಡಾಲರ್ ಸಾಲ, ಗುಂಡು ಬಿದ್ದ ಒಂದು ಬಸ್ಸು, ಟಿಕೆಟ್ ಕೊಂಡು ಕೂತ ಒಬ್ಬ ವಾದಕ ಇದ್ದರು.

ಈ ವಾರ ಒಂದು ಸಣ್ಣ ಕೆಲಸ ಮಾಡಿ. ಮೋಟೌನ್‌ನ ಯಾವುದಾದರೂ ಹಳೆಯ ಹಾಡು ಹುಡುಕಿ, ಕಣ್ಣು ಮುಚ್ಚಿ ಕೇಳಿ. ಹಾಡಿದವರ ದನಿಯ ಕೆಳಗೆ ಗುಂಯ್‌ಗುಡುವ ಬಾಸ್ ಗಿಟಾರನ್ನೂ ಕೇಳಿಸಿಕೊಳ್ಳಿ. ಆಮೇಲೆ ಕಣ್ಣು ತೆರೆದು ಅದನ್ನು ನುಡಿಸಿದವರ ಹೆಸರು ಓದಿ.

ಮತ್ತೆ ಸಿಗೋಣ. ಕೇಳುತ್ತಿರಿ.