ಎರೆಭೂಮಿಯಲ್ಲಿ ಮಣ್ಣಿಲ್ಲದ ಕೃಷಿ: ಉಮರ್ಗಾ, ನಿಲಂಗಾ, ಉದಗೀರ ಸೀಮೆಯ ನೀರು ಮತ್ತು ಮೇವು

ಬೇರುಗಳಿಗೆ ಮಣ್ಣಿನ ಬದಲು ಪೋಷಕ ಲವಣಗಳನ್ನು ಕರಗಿಸಿದ ನೀರನ್ನು ಒದಗಿಸಿ ಬೆಳೆ ತೆಗೆಯುವ ಹೈಡ್ರೋಪೋನಿಕ್ಸ್ ಪದ್ಧತಿಯನ್ನು ಸಾಂಪ್ರದಾಯಿಕ ಬೇಸಾಯದೊಡನೆ ಹೋಲಿಸುವಾಗ, ಒಂದು ಕಿಲೋ ಬೆಳೆಗೆ ಎಷ್ಟು ಲೀಟರು ನೀರು ಎಂಬ ಲೆಕ್ಕವೇ ಸಾಮಾನ್ಯವಾಗಿ ಮುಂದೆ ಬರುತ್ತದೆ. 1956ರವರೆಗೆ ಬೀದರ ಜಿಲ್ಲೆಗೆ ಸೇರಿದ್ದ ಉದಗೀರ, ನಿಲಂಗಾಗಳಲ್ಲಿಯೂ ನೆರೆಯ ಉಮರ್ಗಾದಲ್ಲಿಯೂ ಈ ಲೆಕ್ಕವೊಂದೇ ಸಾಲದು. ಮಳೆ ಕೈಕೊಡುವ ಈ ಸೀಮೆಯಲ್ಲಿ ನೀರು ಎಷ್ಟು ದಿನ ಸಿಗದೆ ಹೋದರೂ ಬೆಳೆ ತಾಳಿಕೊಂಡೀತು ಎಂಬುದು ಅಷ್ಟೇ ಮುಖ್ಯವಾದ ಪ್ರಶ್ನೆ.

ನೀರಿನ ಉಳಿತಾಯವೇನೋ ನಿಜವೇ. ಅಮೆರಿಕದ ಅರಿಜೋನಾ ಪ್ರದೇಶವನ್ನು ಕುರಿತು 2015ರಲ್ಲಿ ಪ್ರಕಟವಾದ ಅಧ್ಯಯನವೊಂದರ ಅಂದಾಜಿನಂತೆ ಒಂದು ಕಿಲೋ ಲೆಟ್ಯೂಸ್ ಸೊಪ್ಪಿಗೆ ಹೊಲದಲ್ಲಿ ಸುಮಾರು 250 ಲೀಟರು, ಹೈಡ್ರೋಪೋನಿಕ್ಸ್‌ನಲ್ಲಿ ಸುಮಾರು 20 ಲೀಟರು ನೀರು ಬೇಕು. ಆದರೆ ಶಕ್ತಿಯ ವೆಚ್ಚ ಹೊಲದಲ್ಲಿ 1,100 ಕಿಲೋಜೂಲ್ ಇದ್ದರೆ ಹೈಡ್ರೋಪೋನಿಕ್ಸ್‌ನಲ್ಲಿ 90,000 ಕಿಲೋಜೂಲ್. ಸಸ್ಯವಿಜ್ಞಾನಿಗಳಾದ ಹೋಗ್ಲಂಡ್ ಮತ್ತು ಆರ್ನನ್ ಅವರು 1938ರಲ್ಲಿಯೇ, ಅನುಕೂಲಗಳು ಸಮನಾಗಿದ್ದರೆ ಇಳುವರಿಯಲ್ಲಿ ನೀರು ಮಣ್ಣನ್ನು ಮೀರಿಸುವುದಿಲ್ಲವೆಂದು ತೋರಿಸಿದ್ದರು. ಇಂದಿನ ಹೆಚ್ಚಿನ ಇಳುವರಿಯಲ್ಲಿ ಮುಚ್ಚಿದ ಮನೆ, ಹದವಾದ ತಾಪ, ಒತ್ತಾದ ನಾಟಿ ಇವುಗಳ ಪಾಲೇ ದೊಡ್ಡದು.

ದಖ್ಖನ್ನಿನ ಲಾವಾಶಿಲೆ ಸವೆದು ಉಂಟಾದ ಇಲ್ಲಿನ ಎರೆಮಣ್ಣು ಬರಿಯ ಆಸರೆಯಲ್ಲ, ಅದೇ ಒಂದು ಜಲಾಶಯ. ಒಂದು ಮೀಟರು ಆಳದ ಒಳ್ಳೆಯ ಎರೆ, ಬೇರಿಗೆ ದಕ್ಕುವಂಥ ಸುಮಾರು 200 ಮಿಲಿಮೀಟರು ನೀರನ್ನು ಹಿಡಿದಿಡಬಲ್ಲದು. ಎಕರೆಗೆ ಅದು ಸುಮಾರು 8 ಲಕ್ಷ ಲೀಟರಾಗುತ್ತದೆ. 2016ರ ಏಪ್ರಿಲ್‌ನಲ್ಲಿ ಮಿರಜಿನಿಂದ ನೆರೆಯ ಬರಪೀಡಿತ ಲಾತೂರಿಗೆ ಬಂದ ಮೊದಲ ನೀರಿನ ರೈಲು ತಂದದ್ದು ಸುಮಾರು 5 ಲಕ್ಷ ಲೀಟರು ಎಂಬುದನ್ನು ನೆನೆದರೆ ಈ ಮಣ್ಣಿನ ಬೆಲೆ ತಿಳಿಯುತ್ತದೆ. ಮಳೆ ನಿಂತ ಮೇಲೆ ಬಿತ್ತುವ ಹಿಂಗಾರಿ ಜೋಳ ಬಹುಮಟ್ಟಿಗೆ ಈ ತೇವವನ್ನೇ ನಂಬಿ ತೆನೆ ಕಟ್ಟುತ್ತದೆ. ಮಣ್ಣು ಒಣಗುತ್ತ ಬಂದಂತೆ ಕೈ ಇಳಿಯುವಷ್ಟು ಅಗಲವಾಗಿ ಬಾಯಿಬಿಡುವ ಬಿರುಕುಗಳನ್ನು ಎಡೆ ಹೊಡೆದು ಮುಚ್ಚಿದಾಗ, ಮೇಲಿನ ಸಡಿಲ ಮಣ್ಣು ಒಳಗಿನ ತೇವ ಆರದಂತೆ ಕಾಯುತ್ತದೆ. ಇದಕ್ಕೆ ವಿದ್ಯುತ್ ಬೇಡ. ಕೊಳವೆಗಳಲ್ಲಿ ತೆಳುವಾಗಿ ನೀರು ಹರಿಸುವ ಹೈಡ್ರೋಪೋನಿಕ್ಸ್‌ನಲ್ಲಾದರೋ ಬೇಸಿಗೆಯ ಮಧ್ಯಾಹ್ನ ಪಂಪು ಕೆಲವು ತಾಸು ನಿಂತರೂ ಗಿಡ ಬಾಡುತ್ತದೆ. ಕಪ್ಪುಶಿಲೆಯ ಪದರಗಳಿಂದ ಬರುವ ಬೋರಿನ ನೀರಿನಲ್ಲಿ ಬೈಕಾರ್ಬೊನೇಟ್ ಲವಣಗಳು ಹೆಚ್ಚಾಗಿರುವುದರಿಂದ, ದ್ರಾವಣದ ಆಮ್ಲತೆಯನ್ನು ಬೇಕಾದ 5.5ರಿಂದ 6.5ರ ಪಿಎಚ್ ಮಟ್ಟದಲ್ಲಿ ನಿಲ್ಲಿಸಲು ಮತ್ತೆ ಮತ್ತೆ ಆಮ್ಲ ಬೆರೆಸಬೇಕಾಗುವುದು ಇನ್ನೊಂದು ತೊಡಕು.

ದೇವಣಿ ತಳಿಯ ದನಗಳ ಈ ತವರಿನಲ್ಲಿ ಹೋಲಿಕೆ ನಿಜವಾಗಿ ಒರೆಗೆ ಹತ್ತುವುದು ಮೇವಿನಲ್ಲಿ. ಮೆಕ್ಕೆಜೋಳವನ್ನು ನೆನೆಸಿ, ಗೋಣಿಯಲ್ಲಿ ಮೊಳಕೆ ಕಟ್ಟಿ, ತಟ್ಟೆಗಳಲ್ಲಿ ಹರಡಿ, ನೆರಳುಪರದೆಯಡಿ ನೀರು ಚಿಮುಕಿಸಿದರೆ ಏಳೆಂಟು ದಿನಗಳಲ್ಲಿ ಬೇರು ಹೆಣೆದುಕೊಂಡು, ಚಾಪೆಯಂತೆ ಸುತ್ತಿ ಎತ್ತಬಹುದಾದ ಹಸಿರು ಮೇವು ಸಿದ್ಧವಾಗುತ್ತದೆ. ಒಂದು ಕಿಲೋ ಕಾಳಿನಿಂದ 5ರಿಂದ 6 ಕಿಲೋ ಮೇವು ಬರುತ್ತದೆಂಬ ಮಾತು ಸುಳ್ಳಲ್ಲ, ಆದರೆ ಆ ಹೆಚ್ಚಳವೆಲ್ಲ ನೀರು: ಕಾಳಿನಲ್ಲಿ ಸುಮಾರು 900 ಗ್ರಾಂ ಇದ್ದ ಒಣ ಪದಾರ್ಥ ಮೊಳಕೆಯ ಉಸಿರಾಟದಲ್ಲಿ ಖರ್ಚಾಗಿ, ಮೇವಿನಲ್ಲಿ ಮೊದಲಿಗಿಂತ ಕಡಿಮೆಯೇ ಉಳಿದಿರುತ್ತದೆ. ಹೊಟ್ಟೆ ತುಂಬುವುದಕ್ಕೆ ಜೋಳದ ಕಣಿಕೆಯ ಬಣವೆಯೇ ಬೇಕು. ಹೀಗಿದ್ದೂ ಹಸಿರೆಂಬುದೇ ಕಾಣದ ಚೈತ್ರ, ವೈಶಾಖಗಳಲ್ಲಿ, ಕಣಿಕೆಯ ಜೊತೆಗೆ ಹಾಲು ಕರೆಯುವ ಆಕಳಿಗೆ ಇದನ್ನು ಕೊಡುವುದು ಉಪಯುಕ್ತ. ಬಿತ್ತನೆಗೆಂದು ವಿಷೌಷಧ ಲೇಪಿಸಿದ ಬೀಜವನ್ನು ಮಾತ್ರ ಎಂದಿಗೂ ಬಳಸಕೂಡದು, ಬೂಷ್ಟು ಹಿಡಿದ ತಟ್ಟೆಯ ಮೇವನ್ನು ದನಗಳ ಮುಂದೆ ಇಡಕೂಡದು.